ಪವರ್ ಕಾರ್ಡ್‌ಗೆ ಆ ನಿಯಮ ಯಾಕೆ ತಾಗುವುದಿಲ್ಲ

ಥಿಯರಿ ಪರೀಕ್ಷೆ ಹತ್ತಿರ ಬಂದರೆ ಶಿವಮೊಗ್ಗದ ನನ್ನ ಗಿಟಾರ್ ಕ್ಲಾಸಿನಲ್ಲಿ ಒಂದೇ ಪ್ರಶ್ನೆ. ‘ಸರ್, ಪ್ಯಾರಲಲ್ ಫಿಫ್ತ್ ತಪ್ಪು ಅಂತ ಪುಸ್ತಕದಲ್ಲಿದೆ. ಪವರ್ ಕಾರ್ಡ್ ಅಂದ್ರೆ ಅದೇ ಅಲ್ವಾ?’ ಎರಡು ದನಿಗಳು ಸ-ಪ ಅಂತರ (ಫಿಫ್ತ್) ಬಿಡದೆ ಜೊತೆಗೇ ಸರಿದರೆ ಅದು ಪ್ಯಾರಲಲ್ ಫಿಫ್ತ್. ಸ, ಪ ಎರಡನ್ನೇ ಸೇರಿಸಿ ನುಡಿಸಿದರೆ ಪವರ್ ಕಾರ್ಡ್. ಕೇಳಿದರೆ ಬೇಜಾರಿಲ್ಲ. ಕೇಳದೆ ತಾವೇ ತೀರ್ಮಾನ ಮಾಡಿ, ಬ್ಯಾಂಡಿನಲ್ಲಿ ಸ-ಗ-ಪ ಮೂರೂ ಇರುವ ಪೂರ್ತಿ ಮೇಜರ್ ಕಾರ್ಡ್ ಹಿಡಿದು ಡಿಸ್ಟಾರ್ಷನ್ (ದನಿಯನ್ನು ಒಡೆದು ಒರಟಾಗಿಸುವ ಎಫೆಕ್ಟ್) ಏರಿಸಿದರೆ ಮಾತ್ರ ನನಗೆ ಸಿಟ್ಟು ಬರುತ್ತದೆ.

ಆ ನಿಯಮ ಇರುವುದು ನಾಲ್ಕು ದನಿಗಳು ತಮ್ಮ ತಮ್ಮ ದಾರಿಯಲ್ಲಿ ನಡೆಯಬೇಕಾದ ಬರವಣಿಗೆಗೆ. ಎಲ್ಲಕ್ಕಿಂತ ಕೆಳಗಿನ ದನಿ ಬಾಸ್ ಜಿಯಿಂದ ಎಗೆ ಹೋಯಿತು, ಅದರ ಮೇಲಿನ ಟೆನರ್ ಡಿಯಿಂದ ಇಗೆ ಹೋಯಿತು ಅನ್ನಿ. ನಡುವೆ ಸ-ಪ ಅಂತರ ಹಾಗೇ ಉಳಿಯಿತು. ಕಂಪನದ ಲೆಕ್ಕದಲ್ಲಿ ಅದು 3:2. ಎಷ್ಟು ಚೆನ್ನಾಗಿ ಬೆರೆಯುತ್ತದೆ ಅಂದರೆ ಎರಡೂ ಒಂದೇ ದನಿಯಾಗಿಬಿಡುತ್ತವೆ. ಬರೆದದ್ದು ನಾಲ್ಕು, ಕಿವಿಗೆ ಬೀಳುವುದು ಮೂರೇ. ತಪ್ಪು ಅಲ್ಲಿದೆ. ಫಿಫ್ತ್ ಕೆಟ್ಟದ್ದು ಅಂತಲ್ಲ.

ಈಗ ಗಿಟಾರಿನ ಆರನೇ ತಂತಿಯ ಮೂರನೇ ಫ್ರೆಟ್ (ಮೆಟ್ಟು), ಐದನೇ ತಂತಿಯ ಐದನೇ ಫ್ರೆಟ್ ಹಿಡಿಯಿರಿ. ಹಾಗೇ ಎರಡು ಫ್ರೆಟ್ ಮುಂದೆ ಜಾರಿಸಿ. ಅದೇ ಜಿ-ಡಿ, ಅದೇ ಎ-ಇ. ಆದರೆ ಇಲ್ಲಿ ಎರಡು ದನಿ ಇವೆ ಅಂತ ಹೇಳಿದವರು ಯಾರು? ಒಂದೇ ಮಟ್ಟು ದಪ್ಪಗೆ ನುಡಿಯುತ್ತಿದೆ. ಭಜನೆಯಲ್ಲಿ ಗಂಡಸರೂ ಮಕ್ಕಳೂ ಬೇರೆ ಬೇರೆ ಸ್ಥಾಯಿಯಲ್ಲಿ ಒಂದೇ ಹಾಡು ಹೇಳುತ್ತಾರಲ್ಲ, ಹಾಗೆ. ಕಾರ್ಡ್ ಮೇಜರೋ ಮೈನರೋ ಅಂತ ಹೇಳುವುದು ಗಾಂಧಾರ. ಅದು ಇಲ್ಲದ್ದರಿಂದ ಇದು ಮೇಜರೂ ಅಲ್ಲ, ಮೈನರೂ ಅಲ್ಲ.

ಡಿಸ್ಟಾರ್ಷನ್ ವಿಷಯ ಇನ್ನೂ ಮುಖ್ಯ. 110 ಹರ್ಟ್ಜ್‌ನ ಎ, ಸುಮಾರು 165ರ ಇ ಒಟ್ಟಿಗೆ ಡಿಸ್ಟಾರ್ಷನ್ ಒಳಗೆ ಹೋದರೆ, ಅವುಗಳ ವ್ಯತ್ಯಾಸ 55 ಕೂಡ ಹುಟ್ಟುತ್ತದೆ. ಅದು ಕೆಳಸ್ಥಾಯಿಯ ಎ. ದನಿ ತುಂಬಿ ಬರುವುದು ಅದಕ್ಕೇ. ಜೊತೆಗೆ ಎ ಸ್ವರದ ಗಾಂಧಾರವಾದ ಸಿ ಶಾರ್ಪ್ ಹಾಕಿದಿರೋ, ಕೆಟ್ಟಿತು. ಫ್ರೆಟ್ಟಿನ ಮೇಲೆ ಅದು ಶುದ್ಧ 5:4ಕ್ಕಿಂತ ಸ್ವಲ್ಪ ಏರಿಯೇ ಇರುತ್ತದೆ. ಆಗ ಹುಟ್ಟುವ ಸ್ವರಗಳು ಒಂದಕ್ಕೊಂದು ತಿಕ್ಕಾಡುತ್ತವೆ. ಡಿಸ್ಟಾರ್ಷನ್ ಕಮ್ಮಿ ಇದ್ದರೆ ಇಷ್ಟು ತೊಂದರೆ ಆಗದು.

ತೀರ್ಥಹಳ್ಳಿಯಿಂದ ಗಿಟಾರ್ ಹೊತ್ತು ಬರುವ ಹುಡುಗನೊಬ್ಬನಿದ್ದಾನೆ. ಎಂಥ ಮಳೆಯಿದ್ದರೂ ಕ್ಲಾಸ್ ತಪ್ಪಿಸಲ್ಲ. ಗಣಪತಿ ಕಾರ್ಯಕ್ರಮದ ಪ್ರಾಕ್ಟೀಸಿನಲ್ಲಿ ಐದನೇ ಫ್ರೆಟ್ಟಿನ ಬಾರೆ ಕಾರ್ಡ್ (ಒಂದು ಬೆರಳನ್ನು ಎಲ್ಲ ತಂತಿಗಳ ಮೇಲೆ ಅಡ್ಡ ಒತ್ತುವುದು) ಹಿಡಿದು ಒದ್ದಾಡುತ್ತಿದ್ದ. ‘ಮೂರನೇ ತಂತಿ ಮುಟ್ಟಬೇಡ ಮಾರಾಯ’ ಅಂದೆ. ಗಾಂಧಾರ ಇರುವುದು ಆ ತಂತಿಯಲ್ಲೇ. ಮುಂದಿನ ಹೊಡೆತಕ್ಕೆ ಡ್ರಮ್ಮರ್ ತಲೆಯೆತ್ತಿ ನೋಡಿದ.

ಪರೀಕ್ಷೆಯ ನಾಲ್ಕು ದನಿಯಲ್ಲಿ ಮಾತ್ರ ಪ್ಯಾರಲಲ್ ಫಿಫ್ತ್ ಬರೆಯಬೇಡಿ. ಅಲ್ಲಿ ಅಂಕ ಕಳೆಯುವುದು ನ್ಯಾಯವೇ. ಬ್ಯಾಂಡಿನಲ್ಲೂ ಹಾಡುಗಾರರ ಮಟ್ಟು ಮತ್ತು ಬಾಸ್ ಗಿಟಾರ್ ಫಿಫ್ತ್ ಅಂತರದಲ್ಲೇ ಜೊತೆ ಜೊತೆಗೆ ಸಾಗುತ್ತಿದ್ದರೆ, ಒಮ್ಮೆ ನಿಲ್ಲಿಸಿ ಕೇಳಿ. ಅವು ನಿಜಕ್ಕೂ ಎರಡು ದನಿ.