ಗೇ ಪಾತ್ರ ಹಾಕಿದ್ರೆ ಶೋ ಓಡುತ್ತೆ ಅಂತ ಯಾರು ಹೇಳಿದ್ದು?

ಪ್ರಶ್ನೆ: ಈಗಿನ ಇಂಗ್ಲಿಷ್ ಸಿಟ್‌ಕಾಮ್‌ಗಳಲ್ಲಿ (ಟಿವಿಯ ಹಾಸ್ಯ ಧಾರಾವಾಹಿಗಳಲ್ಲಿ) ಒಂದಾದರೂ ಗೇ ಪಾತ್ರ ಇದ್ದೇ ಇರುತ್ತದಲ್ಲ, ಅದೆಲ್ಲ ರೇಟಿಂಗ್‌ಗೋಸ್ಕರ ತುರುಕುವುದು ಅಲ್ವಾ?

ಮಣಿಪಾಲದ ಹಾಸ್ಟೆಲ್ ಹುಡುಗರು ಇದನ್ನು ಕೇಳುತ್ತಾರೆ, ಬ್ರಹ್ಮಾವರದ ಅಕ್ಕಂದಿರು ಕೇಳುತ್ತಾರೆ, ಮದುವೆ ಊಟಕ್ಕೆ ಹೋದರೆ ಪಕ್ಕದ ಎಲೆಯವರೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಗಿದೆ. ಹಾಗಾಗಿ ಒಮ್ಮೆ ಕೂತು ಪೂರ್ತಿ ಬರೆಯುತ್ತೇನೆ, ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಚಿಕ್ಕ ಉತ್ತರ: ಅಲ್ಲ. ಹಣದ ಲೆಕ್ಕಾಚಾರ ಖಂಡಿತ ಉಂಟು. ಆದರೆ ಆ ಲೆಕ್ಕ ಬಹಳ ವರ್ಷ ಉಲ್ಟಾ ಇತ್ತು. ಗೇ ಪಾತ್ರ ಅಂದರೆ ಚಾನೆಲ್‌ಗಳಿಗೆ ಜಾಹೀರಾತು ಕೈತಪ್ಪುವ ಭಯ. ಅದಕ್ಕೇ ಅವರು ಮಾಡಿದ್ದು ತುರುಕುವ ಕೆಲಸ ಅಲ್ಲ, ಮುಚ್ಚಿಡುವ ಕೆಲಸ.

1971ರಿಂದ ಶುರು ಮಾಡೋಣ. ಅಮೆರಿಕದಲ್ಲಿ ಆಲ್ ಇನ್ ದ ಫ್ಯಾಮಿಲಿ ಅಂತ ಒಂದು ಶೋ. ಅದರ ಆರ್ಚಿ ಬಂಕರ್ ತನ್ನ ಅಳಿಯನ ನಾಜೂಕಿನ ಸ್ನೇಹಿತನನ್ನು ನೋಡಿ ಇವನು ಅಂಥವನೇ ಅಂತ ಆಡಿಕೊಳ್ಳುತ್ತಾನೆ. ಆ ಹುಡುಗ ಗೇ ಅಲ್ಲ. ಗೇ ಆಗಿರುವುದು ಆರ್ಚಿಯದ್ದೇ ಬಾರ್ ಗೆಳೆಯ, ಕಟ್ಟುಮಸ್ತಾದ ಮಾಜಿ ಫುಟ್‌ಬಾಲ್ ಆಟಗಾರ. ಕಥೆ ಒಂದೇ ಎಪಿಸೋಡಿನದ್ದು. ಅಷ್ಟಕ್ಕೇ ಅಧ್ಯಕ್ಷ ನಿಕ್ಸನ್ ತಮ್ಮ ಆಫೀಸಿನಲ್ಲಿ ಅದರ ಬಗ್ಗೆ ಗೊಣಗಿದ್ದು ಶ್ವೇತಭವನದ ಟೇಪಿನಲ್ಲಿ ದಾಖಲಾಗಿದೆ. 1977ರಲ್ಲಿ ಸೋಪ್ ಅನ್ನುವ ಶೋ ಬಂತು, ಅದರಲ್ಲಿ ನಟ ಬಿಲ್ಲಿ ಕ್ರಿಸ್ಟಲ್ ಮಾಡಿದ್ದು ಗೇ ಪಾತ್ರ. ಮೊದಲ ಎಪಿಸೋಡ್ ಪ್ರಸಾರವಾಗುವ ಮುಂಚೆಯೇ ಎಬಿಸಿ ಚಾನೆಲ್‌ಗೆ ಸಾವಿರಾರು ವಿರೋಧದ ಪತ್ರ ಬಂದವು, ಕೆಲವು ಜಾಹೀರಾತುದಾರರು ಕೈ ಎತ್ತಿದರು.

ಇಷ್ಟು ಹೇಳಿದ ಕೂಡಲೇ ಯಾರಾದರೂ ಅದೇ ಎಬಿಸಿಯ ಎಲ್ಲೆನ್ ಅನ್ನುವ ಸಿಟ್‌ಕಾಮ್‌ನ ಹೆಸರು ಎತ್ತುತ್ತಾರೆ. "ಅದು ಅಷ್ಟು ಜನ ನೋಡಿದರಲ್ಲ?" ಸರಿ, ಅದನ್ನೇ ನೋಡೋಣ.

1997ರ ಏಪ್ರಿಲ್ 30. ಎಲ್ಲೆನ್ ಡಿಜೆನೆರಸ್ ಮಾಡುವ ಪಾತ್ರ ವಿಮಾನ ನಿಲ್ದಾಣದಲ್ಲಿ ನಿಂತಿದೆ. ಎದುರು ಅವಳಿಗೆ ಇಷ್ಟವಾದ ಹೆಂಗಸು. ಹೇಳಬೇಕು, ಬಾಯಿ ಬರುವುದಿಲ್ಲ, ತೊದಲುತ್ತಾಳೆ. ಕೊನೆಗೆ ಕೌಂಟರಿನ ಮೇಲೆ ಬಾಗಿ "ನಾನು ಗೇ" ಅನ್ನುತ್ತಾಳೆ, ಮೈಕ್ ಆನ್ ಆಗಿದೆ, ಮಾತು ಇಡೀ ನಿಲ್ದಾಣಕ್ಕೆ ಕೇಳುತ್ತದೆ. ಸುಮಾರು 4 ಕೋಟಿ 20 ಲಕ್ಷ ಜನ ನೋಡಿದ ಎಪಿಸೋಡ್ ಅದು. ನಮ್ಮವರು ಇಲ್ಲಿಗೇ ಕಥೆ ನಿಲ್ಲಿಸಿ "ನೋಡಿ, ಓಡಿತಲ್ಲ" ಅನ್ನುತ್ತಾರೆ. ಮುಂದೆ ಏನಾಯಿತು ಅಂತ ಒಬ್ಬರೂ ಕೇಳುವುದಿಲ್ಲ, ನನಗೆ ಬೇಜಾರಾಗುವುದು ಅಲ್ಲಿಯೇ.

ಕ್ರೈಸ್ಲರ್, ಜೆಸಿ ಪೆನ್ನಿಯಂಥ ದೊಡ್ಡ ಕಂಪನಿಗಳು ಆ ಎಪಿಸೋಡಿಗೆ ಜಾಹೀರಾತು ಕೊಡಲಿಲ್ಲ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನ ಸ್ಥಳೀಯ ಚಾನೆಲ್ ಅದನ್ನು ಹಾಕುವುದೇ ಇಲ್ಲ ಅಂತು, ಊರಿನ ಜನ ಒಂದು ದೊಡ್ಡ ಹಾಲ್‌ನಲ್ಲಿ ಸೇರಿ ಸ್ಯಾಟಲೈಟ್ ಮೂಲಕ ನೋಡಬೇಕಾಯಿತು. ಮುಂದಿನ ಸೀಸನ್‌ನಲ್ಲಿ ಚಾನೆಲ್ಲೇ ಶೋಗೆ "ಪೋಷಕರೇ ಎಚ್ಚರ" ಅನ್ನುವಂಥ ಸೂಚನೆ ಅಂಟಿಸಿತು. 1998ರಲ್ಲಿ ಶೋ ನಿಂತೇ ಹೋಯಿತು. ಎದುರು ನಿಂತ ಹೆಂಗಸಿನ ಪಾತ್ರ ಮಾಡಿದ ಲಾರಾ ಡರ್ನ್, ಆಮೇಲೆ ಬಹಳ ದಿನ ತನಗೆ ಕೆಲಸವೇ ಸಿಗಲಿಲ್ಲ ಅಂತ ಹೇಳಿಕೊಂಡಿದ್ದಾರೆ. ಲಾಭಕ್ಕೆ ತುರುಕಿದವರ ಗತಿ ಹೀಗಿರುತ್ತದಾ, ನೀವೇ ಹೇಳಿ.

ಹಾಗಾದರೆ ಅದೇ 1998ರಲ್ಲಿ ಶುರುವಾದ ವಿಲ್ ಆಂಡ್ ಗ್ರೇಸ್ ಹೇಗೆ ಎಂಟು ಸೀಸನ್ ಓಡಿತು? ಮಾರ್ಕೆಟಿಂಗ್ ಅಂತ ಹುಡುಕುವವರು ನೋಡಬೇಕಾದ್ದು ಇಲ್ಲಿ. ಹೆಸರೇ ಗಮನಿಸಿ: ಒಬ್ಬ ಗಂಡಸು, ಒಬ್ಬ ಹೆಂಗಸು, ಒಂದೇ ಮನೆ. ದೂರದಿಂದ ನೋಡಿದವರಿಗೆ ಮಾಮೂಲಿ ಜೋಡಿಯ ಕಥೆ. ವಿಲ್ ಗೇ, ವೃತ್ತಿಯಲ್ಲಿ ವಕೀಲ, ಸೂಟು ಬೂಟು, ಅಚ್ಚುಕಟ್ಟು ಮನುಷ್ಯ, ಮತ್ತು ಮೊದಲ ಸೀಸನ್‌ಗಳಲ್ಲಿ ಅವನಿಗೆ ನೆಟ್ಟಗೆ ಒಬ್ಬ ಗೆಳೆಯನೂ ಇಲ್ಲ. ಜೋರು ತಮಾಷೆಯೆಲ್ಲ ವಿಲ್‌ನ ಗೇ ಸ್ನೇಹಿತ ಜ್ಯಾಕ್‌ಗೆ ಬಿಟ್ಟದ್ದು. ಗೇ ಅಂತ ಬಾಯಲ್ಲಿ ಹೇಳಬಹುದು, ಬದುಕಿ ತೋರಿಸುವ ಹಾಗಿಲ್ಲ, ಆಗ ಜಾಹೀರಾತುದಾರರಿಗೂ ತಕರಾರಿಲ್ಲ. ಚಾನೆಲ್‌ಗಳಿಗೆ ಆಗ ಬೇಕಾಗಿದ್ದದ್ದು ಪೇಟೆಯಲ್ಲಿರುವ, ಕೈಯಲ್ಲಿ ದುಡ್ಡಿರುವ, 18ರಿಂದ 49 ವಯಸ್ಸಿನ ನೋಡುಗರು. ಅವರನ್ನು ಹಿಡಿಯಬೇಕು, ಉಳಿದವರನ್ನು ಕಳೆದುಕೊಳ್ಳಬಾರದು. ಆ ಇಕ್ಕಟ್ಟಿನಲ್ಲಿ ಹುಟ್ಟಿದ ಪಾತ್ರ ವಿಲ್.

ಬರೆಯುವವರಿಗೆ ಇದು ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. 2000ದ ಫೆಬ್ರವರಿಯ ಒಂದು ಎಪಿಸೋಡಿನಲ್ಲಿ ಜ್ಯಾಕ್ ಟಿವಿಯಲ್ಲಿ ಇಬ್ಬರು ಗಂಡಸರ ಮುತ್ತು ತೋರಿಸುತ್ತಾರೆ ಅಂತ ಆಸೆಯಿಂದ ಕಾಯುತ್ತಾನೆ. ಆ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ಬೇರೆ ಕಡೆ ತಿರುಗುತ್ತದೆ. ಇವನು ಸಿಟ್ಟಾಗಿ ಚಾನೆಲ್ ಆಫೀಸಿಗೇ ಜಗಳಕ್ಕೆ ಹೋಗುತ್ತಾನೆ, ಅಲ್ಲಿ ಕೆಲಸ ಆಗುವುದಿಲ್ಲ. ಕೊನೆಗೆ ಬೆಳಗಿನ ನೇರ ಪ್ರಸಾರದ ಕ್ಯಾಮೆರಾ ಎದುರು ವಿಲ್ ಅವನಿಗೆ ಮುತ್ತು ಕೊಡುತ್ತಾನೆ. ತಮ್ಮ ಚಾನೆಲ್ ಏನು ಮಾಡುತ್ತಿತ್ತೋ ಅದನ್ನೇ ಹಿಡಿದು ಆ ಚಾನೆಲ್‌ನಲ್ಲೇ ಕಥೆ ಮಾಡಿದರಲ್ಲ, ಆ ಬರವಣಿಗೆಯ ಧೈರ್ಯ ನನಗೆ ಈಗಲೂ ಇಷ್ಟ.

ಹತ್ತು ವರ್ಷದ ಮೇಲೂ ಅದೇ ಹಾಡು. 2009ರಲ್ಲಿ ಶುರುವಾದ ಮಾಡರ್ನ್ ಫ್ಯಾಮಿಲಿಯಲ್ಲಿ ಮಿಚೆಲ್ ಮತ್ತು ಕ್ಯಾಮ್ ಒಟ್ಟಿಗೆ ಸಂಸಾರ ಮಾಡುತ್ತಾರೆ, ಮಗು ಸಾಕುತ್ತಾರೆ, ಆದರೆ ಮೊದಲ ಸೀಸನ್ ಪೂರ್ತಿ ಒಂದು ಮುತ್ತಿಲ್ಲ. ಉಳಿದ ಗಂಡ ಹೆಂಡತಿಯರಿಗೆ ಆ ಕಟ್ಟುಪಾಡು ಇರಲಿಲ್ಲ. ನೋಡುಗರು ಫೇಸ್‌ಬುಕ್‌ನಲ್ಲಿ ಅಭಿಯಾನ ಮಾಡಿದರು. 2010ರ ಸೆಪ್ಟೆಂಬರ್‌ನಲ್ಲಿ ಮುತ್ತು ಬಂತು: ಮುಂದೆ ಬೇರೆಯವರ ಮಾತು ನಡೆಯುತ್ತಿರುವಾಗ ಹಿಂದೆ, ಚಿಕ್ಕದಾಗಿ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ.

ಈಗ ಕಾಲ ಬದಲಾಗಿದೆ, ನಿಜ. ಕೆನಡಾದ ಶಿಟ್ಸ್ ಕ್ರೀಕ್ ತನ್ನ ಗೇ ಜೋಡಿಯ ಮುತ್ತಿನ ಚಿತ್ರವನ್ನೇ ದೊಡ್ಡ ಜಾಹೀರಾತು ಫಲಕಕ್ಕೆ ಹಾಕಿತು. 2020ರ ಎಮ್ಮಿ ಟಿವಿ ಪ್ರಶಸ್ತಿಗಳಲ್ಲಿ ಕಾಮಿಡಿ ವಿಭಾಗದ ಏಳೂ ಮುಖ್ಯ ಪ್ರಶಸ್ತಿ ಅದಕ್ಕೇ ಹೋಯಿತು. ಹಾಗಂತ ಭಯ ಪೂರ್ತಿ ಹೋಗಿಲ್ಲ. 2022ರಲ್ಲಿ ಚೀನಾದ ಸ್ಟ್ರೀಮಿಂಗ್‌ನಲ್ಲಿ ಫ್ರೆಂಡ್ಸ್ ಅನ್ನುವ ಹಳೆಯ ಸಿಟ್‌ಕಾಮ್ ಬಂದಾಗ ಅದರ ರಾಸ್ ಪಾತ್ರದ ಮೊದಲ ಹೆಂಡತಿ ಲೆಸ್ಬಿಯನ್ ಅನ್ನುವ ಸಂಗತಿಗೇ ಕತ್ತರಿ ಬಿತ್ತು.

ಇನ್ನೊಂದು ಮಾತು, ಯಾರೂ ನೇರವಾಗಿ ಕೇಳಿಲ್ಲ, ಆದರೆ ಮಾತಿನ ನಡುವೆ ಬಂದೇ ಬರುತ್ತದೆ. "ನಮ್ಮಲ್ಲಿ ಇದೆಲ್ಲ ಮೊದಲಿನಿಂದಲೂ ಉಂಟಲ್ಲ ಮಾರಾಯ್ರೆ, ಯಕ್ಷಗಾನದಲ್ಲಿ ಸ್ತ್ರೀವೇಷ ಇಲ್ವಾ?" ದಯವಿಟ್ಟು ಎರಡನ್ನೂ ಬೆರೆಸಬೇಡಿ. ಸ್ತ್ರೀವೇಷ ಒಂದು ಕಲೆ. ದ್ರೌಪದಿ, ದಮಯಂತಿಯಂಥ ವೇಷ ಕಟ್ಟಲು ವರ್ಷಗಟ್ಟಲೆ ಅಭ್ಯಾಸ ಬೇಕು. ಆ ಕಲಾವಿದರು ಯಾರನ್ನು ಪ್ರೀತಿಸುತ್ತಾರೆ ಅನ್ನುವುದಕ್ಕೂ ವೇಷಕ್ಕೂ ಸಂಬಂಧ ಇಲ್ಲ. ಟಿವಿ ಕಾಮಿಡಿ ಶೋಗಳಲ್ಲಿ ಗಂಡಸು ಸೀರೆ ಉಟ್ಟು ಸೊಂಟ ತಿರುಗಿಸಿದ ಕೂಡಲೇ ಜನ ನಗಬೇಕು ಅನ್ನುವುದು ಇನ್ನೊಂದು ಬಗೆ. ಅದೂ ಗೇ ಪಾತ್ರ ಅಲ್ಲ. ಅಲ್ಲಿ ನಗು ಹುಟ್ಟುವುದು ಹೆಣ್ಣಿಗನ ಹಾಗೆ ಆಡಿದ ಅನ್ನುವುದರಿಂದ, ಮತ್ತು ಶಾಲೆಯಲ್ಲಿ ಅದೇ ನಗುವನ್ನು ದಿನಾ ಕೇಳಿ ಬೆಳೆದ ಹುಡುಗರು ನಮ್ಮ ಬೀದಿಗಳಲ್ಲೇ ಇದ್ದಾರೆ.

ನಾನು ಹೇಳುವ ಪಾತ್ರ ಬೇರೆ. ಮಂಗಳೂರಿನ ಹಂಪನಕಟ್ಟೆಯ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ. ಮನೆಯಲ್ಲಿ ಅಮ್ಮನ ಜೊತೆ ಬಂಗುಡೆ ರೇಟಿನ ಬಗ್ಗೆ ಜಗಳ. ಭಾನುವಾರ ಊಟಕ್ಕೆ ಅವನ ಗೆಳೆಯ ಬರುತ್ತಾನೆ, ಅಮ್ಮನಿಗೆ ಗೊತ್ತು, ಗೊತ್ತಿಲ್ಲದ ಹಾಗೆ ಎರಡು ತುಂಡು ಜಾಸ್ತಿ ಬಡಿಸುತ್ತಾಳೆ. ಇದರಲ್ಲಿ ನಗಿಸಲು ಬೇಕಾದಷ್ಟು ಉಂಟು, ಯಾರನ್ನೂ ಆಡಿಕೊಳ್ಳಬೇಕಾಗಿಲ್ಲ. ಪುರಭವನ ಹೌಸ್‌ಫುಲ್ ಮಾಡುವಷ್ಟು ಹಾಸ್ಯ ಬರೆಯುವವರು ಈ ಊರಲ್ಲಿದ್ದಾರೆ. ಇಂಥ ಒಂದನ್ನು ನಿಮ್ಮಲ್ಲಿ ಯಾರಾದರೂ ಬರೆದರೆ ತಿಳಿಸಿ, ನಾನು ಟಿಕೆಟ್ ತಗೊಂಡು ಬರುತ್ತೇನೆ.