ಆಟ ಆಡಿಸಿದರೆ ಒತ್ತಕ್ಷರ ಸರಿಯಾಗುತ್ತಾ?

ಪ್ರಶ್ನೆ: ಸಾಗರದ ಹತ್ತಿರದ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದೇನೆ. 1ರಿಂದ 5ನೇ ತರಗತಿವರೆಗೆ ಸೇರಿ 14 ಮಕ್ಕಳು. ಪಾಠ ಓದುತ್ತಾರೆ, ಆದರೆ ಉಕ್ತಲೇಖನ ಕೊಟ್ಟರೆ ಒತ್ತು, ದೀರ್ಘ ಎಲ್ಲ ಅದಲುಬದಲು. ಆಟದಲ್ಲಿ ಕಲಿಸಿ ಅನ್ನುತ್ತಾರೆ. ಆಡಿಸಿದರೆ ಗಲಾಟೆ ಜಾಸ್ತಿ, ಕಾಗುಣಿತ ಇದ್ದ ಹಾಗೇ ಇದೆ. ಯಾವ ಆಟ ಆಡಿಸಲಿ?

ಉತ್ತರ: ಟೀಚರ್, ಗಲಾಟೆಗೆ ಹೆದರಬೇಡಿ. ನೋಡಬೇಕಾದ್ದು ಬೇರೆ: ಆಟದಲ್ಲಿ ಎಷ್ಟು ಮಕ್ಕಳ ಕೈಯಲ್ಲಿ ಬಳಪ ಇತ್ತು? ಕೂಗಿ ಉತ್ತರ ಹೇಳುವ ಆಟದಲ್ಲಿ ಬಾಯಿ ಚುರುಕಿನ ಇಬ್ಬರು ಆಡುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಅಂತ್ಯಾಕ್ಷರಿಯಿಂದ ಪದ ಸಿಗುತ್ತದೆ, ಕಾಗುಣಿತ ಸಿಗುವುದಿಲ್ಲ. ತಪ್ಪು ಬರೆದರೆ ಆಟ ಮುಂದಕ್ಕೇ ಹೋಗಬಾರದು, ಅಂಥದ್ದು ಬೇಕು. ಜೊತೆಗೆ ಒಂದು ಆಟ ಒಂದೇ ಬಗೆಯ ತಪ್ಪಿನ ಬೆನ್ನು ಹತ್ತಬೇಕು.

ಗೆರೆ ಎಳೆದು ಅಕ್ಷರ ಊಹಿಸುವ ಇಂಗ್ಲಿಷ್ ಆಟವನ್ನು ಹಾಗೇ ಕನ್ನಡಕ್ಕೆ ತರುವವರಿದ್ದಾರೆ. ಅಲ್ಲಿ ಇರುವುದು 26 ಅಕ್ಷರ. ನಮ್ಮಲ್ಲಿ 34 ವ್ಯಂಜನ, ಒಂದೊಂದಕ್ಕೂ ಕ, ಕಾ, ಕಿ, ಕೀ ಎಂದು 15 ರೂಪ. ಒತ್ತು ಬರುವ ಮೊದಲೇ 510 ಆಯಿತು. ಊಹಿಸುತ್ತಾ ಕೂತರೆ ಊಟದ ಬೆಲ್ ಹೊಡೆಯುತ್ತದೆ. ಅದನ್ನೇ ತಿರುವಿ ಹಾಕಿ. ವ್ಯಂಜನ ನೀವೇ ಕೊಡಿ, ಗುಣಿತ ಮಕ್ಕಳು ಹಾಕಲಿ. ಬೋರ್ಡಿನ ಮೇಲೆ ‘ಹ ಳ’ ಎಂದಷ್ಟೇ ಬರೆದು, ಇಬ್ಬರಿಗೊಂದು ಸ್ಲೇಟು ಕೊಟ್ಟು ಐದು ನಿಮಿಷ ಬಿಡಿ. ಹೊಳೆ, ಹಾಳೆ, ಹುಳ, ಹುಳಿ ಬರುತ್ತವೆ. ಹೋಳು, ಹೇಳು, ಹಳೆ, ಹಾಳು ಬರುತ್ತವೆ. ಹೊಳೆ ಪಕ್ಕದ ಮನೆಯ ಮಗುವಾದರೆ ಹೂಳು ಅಂತಲೂ ಬರೆದೀತು. ಒಬ್ಬರು ‘ಹೊಳು’ ಎಂದು ಬರೆದರೆ ತಿದ್ದಬೇಡಿ, ಅರ್ಥ ಕೇಳಿ. ಹೇಳಲು ಹೋದಾಗ ದೀರ್ಘ ಬಿಟ್ಟಿದ್ದು ಅವರಿಗೇ ಗೊತ್ತಾಗುತ್ತದೆ. ಬೇರೆ ಯಾವ ಜೋಡಿಯೂ ಬರೆಯದ ಪದಕ್ಕೆ ಎರಡು ಅಂಕ ಕೊಡಿ, ಆಗ ಹುಡುಕಾಟ ಜೋರಾಗುತ್ತದೆ. ಮರುದಿನ ‘ಕ ಡ’ ಕೊಡಿ: ಕಾಡು, ಕೊಡೆ, ಕಿಡಿ, ಕೇಡು, ಕುಡಿ, ಕೋಡು. ನನ್ನನ್ನು ಕೇಳಿದರೆ ಪದಸಂಪತ್ತು, ಕಾಗುಣಿತ ಎರಡಕ್ಕೂ ಇದಕ್ಕಿಂತ ಒಳ್ಳೆಯ ಆಟ ಇಲ್ಲ, ಖರ್ಚೂ ಇಲ್ಲ.

ಒತ್ತಕ್ಷರದ ಕಷ್ಟ ಮಕ್ಕಳದ್ದಲ್ಲ, ಬರವಣಿಗೆಯದ್ದು. ‘ಭದ್ರಾವತಿ’ ಎನ್ನುವಾಗ ‘ಆ’ ಕೇಳಿಸುವುದು ರಕಾರದ ನಂತರ, ಬರೆಯುವಾಗ ದೀರ್ಘ ಹೋಗಿ ಅಂಟುವುದು ಮೇಲಿನ ದಕಾರಕ್ಕೆ. ಅರ್ಕಾವತ್ತಂತೂ ಪೂರ್ತಿ ಉಲ್ಟಾ: ಓದುವಾಗ ಮೊದಲು, ಬರೆಯುವಾಗ ಆಮೇಲೆ. ಅದಕ್ಕೇ ‘ಸೂಯ್ರ’ ಹುಟ್ಟುವುದು. ಇದನ್ನು ಬಾಯಲ್ಲಿ ವಿವರಿಸುವ ಬದಲು ಮಕ್ಕಳನ್ನೇ ಅಕ್ಷರ ಮಾಡಿ ನಿಲ್ಲಿಸಿ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಹೇಳಿ ಮಾಡಿಸಿದ ಹೆಸರು ತೀರ್ಥಹಳ್ಳಿ. ದೀರ್ಘ, ಅರ್ಕಾವತ್ತು, ಮಹಾಪ್ರಾಣ, ಒತ್ತು ಎಲ್ಲ ಒಂದರಲ್ಲೇ ಇವೆ. ಆರು ಮಕ್ಕಳಿಗೆ ತೀ, ಥ, ಅರ್ಕಾವತ್ತು, ಹ, ಳಿ ಮತ್ತು ಳ ಒತ್ತಿನ ರಟ್ಟು ಕೊಡಿ. ಒತ್ತಿನ ಮಗು ‘ಳಿ’ಯ ಕಾಲ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂರಬೇಕು. ಅರ್ಕಾವತ್ತಿನ ಮಗು ‘ಥ’ದ ಬಲಕ್ಕೆ ನಿಲ್ಲಬೇಕು, ಕೂಗುವ ಸರದಿ ಮಾತ್ರ ‘ಥ’ಗಿಂತ ಮುಂಚೆ. ಎರಡು ಸಲ ಎಡವಟ್ಟಾಗಿ ಎಲ್ಲ ನಕ್ಕ ಮೇಲೆ ಸರಿಯಾಗುತ್ತದೆ. ಕೂತಿರುವ ಎಂಟು ಮಕ್ಕಳು ಆ ಹೊತ್ತಿಗೆ ಸ್ಲೇಟಿನಲ್ಲಿ ಬರೆಯುತ್ತಿರಬೇಕು, ಪ್ರೇಕ್ಷಕರಾಗಿ ಅಲ್ಲ. ಭದ್ರಾವತಿ, ಶಿವಮೊಗ್ಗ, ಕೊಡಚಾದ್ರಿ, ತಾಳಗುಪ್ಪ, ಲಿಂಗನಮಕ್ಕಿ: ಬಸ್ ಬೋರ್ಡಿನಲ್ಲೂ ಮಾತಿನಲ್ಲೂ ದಿನಾ ಬರುವ ಹೆಸರುಗಳೇ ಸಾಕು, ಪುಸ್ತಕ ಹುಡುಕಬೇಕಿಲ್ಲ.

ಲ–ಳ, ನ–ಣ ತಪ್ಪುವವರಿದ್ದರೆ ಮೊದಲು ಕಿವಿಗೆ ಕೆಲಸ ಕೊಡಿ. ಮನೆಯಲ್ಲಿ ಉರ್ದು ಆಡುವ ಮಗುವಿಗೆ ‘ಳ’ ಹೊಸ ಧ್ವನಿ. ನೀವು ಹಲ್ಲಿ, ಹಳ್ಳಿ, ಬೆಲೆ, ಬೆಳೆ, ಮನೆ, ಮಣೆ ಎನ್ನುತ್ತಾ ಹೋಗಿ, ಳ ಅಥವಾ ಣ ಕೇಳಿದರೆ ಏಳಬೇಕು, ಇಲ್ಲದಿದ್ದರೆ ಕೂರಬೇಕು. ಮಹಾಪ್ರಾಣಕ್ಕೆ, ಶ–ಷಕ್ಕೆ ಈ ಆಟ ದಂಡ. ದನ, ಧನ ಎರಡನ್ನೂ ನಮ್ಮಲ್ಲಿ ಬಹುಪಾಲು ಜನ ಒಂದೇ ಥರ ಹೇಳುತ್ತೇವೆ, ಪಾಪ ಮಗು ಏನಂತ ಕೇಳಿಸಿಕೊಳ್ಳಬೇಕು? ಅದು ಕಣ್ಣಿನಲ್ಲೇ ಕೂರಬೇಕು.

ಕಣ್ಣಿಗೆ ಓಡು–ನೋಡು–ಬರೆ ಆಟ. ಜಗಲಿಯ ಗೋಡೆಗೆ ಹತ್ತು ಪದ ಅಂಟಿಸಿ. ಜೋಡಿಯಲ್ಲಿ ಒಬ್ಬರು ಹೋಗಿ ಒಂದು ಪದ ನೋಡಿಕೊಂಡು ಬಂದು ಅಕ್ಷರ ಅಕ್ಷರವಾಗಿ ಹೇಳಬೇಕು, ಇನ್ನೊಬ್ಬರು ಬರೆಯಬೇಕು. ‘ಭಾಷೆ’ಗೆ ‘ಮಹಾಪ್ರಾಣದ ಭಾ, ಹೊಟ್ಟೆ ಸೀಳಿದ ಷೆ’ ಅನ್ನಲೇಬೇಕಾಗುತ್ತದೆ. ಓಡಿದವರು ಬಳಪ ಮುಟ್ಟುವಂತಿಲ್ಲ. ತಪ್ಪಿದರೆ ಮತ್ತೆ ಓಟ. ಪದಗಳನ್ನು ಮನೆಯಿಂದಲೇ ತರಿಸಿ: ಮೆಟ್ಟುಗತ್ತಿ, ಚಪ್ಪರ, ಸೋಗೆ, ಅಪ್ಪೆಮಿಡಿ, ಕಳಲೆ, ಇಂಬಳ. ಮಳೆಗಾಲದಲ್ಲಿ ಜಗಲಿ ಜಾರುತ್ತದೆ, ಓಟ ಬಿಟ್ಟು ನಡೆಯಲಿ. ಜುಲೈ ಥಂಡಿಗೆ ನೋಟ್‌ಬುಕ್ ಹಾಳೆಯ ಚೀಟಿ ಮೆತ್ತಗಾಗುತ್ತದೆ. ಹಳೇ ಮದುವೆ ಕರೆಯೋಲೆಯ ಹಿಂಬದಿ ಗಟ್ಟಿ.

ಎರಡು ಥರದ ಆಟ ಬೇಡ. ಒಂದು, ತಪ್ಪಿದವರು ಔಟ್ ಆಗುವುದು. ಅಭ್ಯಾಸ ಬೇಕಾದ ಮಗುವೇ ಮೊದಲು ಮೂಲೆ ಸೇರುತ್ತದೆ. ಎರಡು, ತಪ್ಪು ಪದ ಬರೆದಿಟ್ಟು ‘ತಪ್ಪು ಹುಡುಕಿ’ ಅನ್ನುವುದು. ದೊಡ್ಡ ತರಗತಿಗೆ ಪರವಾಗಿಲ್ಲ, ಚಿಕ್ಕ ಮಕ್ಕಳಿಗೆ ತಪ್ಪು ರೂಪವೇ ಕಣ್ಣಲ್ಲಿ ಉಳಿಯುತ್ತದೆ.

ದಿನಕ್ಕೆ ಹತ್ತು ಹದಿನೈದು ನಿಮಿಷ ಧಾರಾಳ. ಶನಿವಾರ ಆ ವಾರ ಆಡಿದ ಪದಗಳದ್ದೇ ಸಣ್ಣ ಉಕ್ತಲೇಖನ ಕೊಡಿ, ಅಂಕ ಬೇಡ. ತಪ್ಪಾದ ಪದಗಳೇ ಸೋಮವಾರದ ಗೋಡೆಗೆ.