ಹೆಗ್ಗೋಡಿನ ಸಂಘ: ಮುಕ್ಕಾಲು ಶತಮಾನದ ಊರ ಕೆಲಸ

1991ರಲ್ಲಿ ರಂಗಸಂಘಟಕ ಕೆ.ವಿ. ಸುಬ್ಬಣ್ಣ ಅವರಿಗೆ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ, ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡು ಎಂಬ ಸಣ್ಣ ಊರಿನ ಹೆಸರು ಅದುವರೆಗೆ ಕೇಳದವರ ಕಿವಿಗೂ ಬಿತ್ತು. ಪ್ರಶಸ್ತಿ ಒಬ್ಬ ವ್ಯಕ್ತಿಗೆ ಸಂದಿದ್ದರೂ ಅದು ಗೌರವಿಸಿದ ಕೆಲಸವನ್ನು ಮಾಡಿದ್ದು ಆ ಹೊತ್ತಿಗಾಗಲೇ ನಲವತ್ತೆರಡು ವರ್ಷ ಪೂರೈಸಿದ್ದ ಒಂದು ಹಳ್ಳಿಯ ಸಂಘ. ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಎಂಬ ಉದ್ದ ಹೆಸರು ನೀನಾಸಮ್ ಎಂದು ಚಿಕ್ಕದಾಗಿ ನಾಡಿನಾದ್ಯಂತ ಬಳಕೆಯಾದ ಮೇಲೆ, ಅದು ಮೂಲದಲ್ಲಿ ಊರ ದೇವರ ಹೆಸರಿಟ್ಟುಕೊಂಡ ಹವ್ಯಾಸಿಗಳ ಕೂಟ ಎಂಬುದು ಹಲವರಿಗೆ ಮರೆತೇಹೋಗಿದೆ. ಇಂದು ಹೆಚ್ಚಿನವರಿಗೆ ನೀನಾಸಮ್ ಎಂದರೆ ರಂಗಶಾಲೆ. ಆದರೆ ಶಾಲೆ ಬಂದದ್ದು ಸಂಘ ಹುಟ್ಟಿ ಮೂರು ದಶಕ ಕಳೆದ ಮೇಲೆ. ಆ ಮೂರು ದಶಕಗಳಲ್ಲಿ ಕೂಡಿಬಂದ ಬಲವಿಲ್ಲದಿದ್ದರೆ ಅದು ಅಲ್ಲಿ ನೆಲೆಯೂರುತ್ತಿರಲಿಲ್ಲ.

ಸಂಘ ಹುಟ್ಟಿದ್ದು 1949ರಲ್ಲಿ. ಅದರ ಹಿಂದಿನ ಮಲೆನಾಡಿನಲ್ಲಿ ಮಳೆಗಾಲದ ತಾಳಮದ್ದಳೆ ಮತ್ತು ಸುಗ್ಗಿಯ ನಂತರದ ಬಯಲಾಟಗಳ ಜೊತೆಗೆ ಇನ್ನೊಂದು ಸೆಳೆತವೂ ಇತ್ತು. ಸಾಗರದ ಮಾರಿಕಾಂಬಾ ಜಾತ್ರೆಯಂಥ ಸಂದರ್ಭಗಳಲ್ಲಿ ಡೇರೆ ಹಾಕುತ್ತಿದ್ದ ವೃತ್ತಿ ನಾಟಕ ಕಂಪನಿಗಳ ಪರದೆ, ದೀಪ ಮತ್ತು ಹಾರ್ಮೋನಿಯಂ ಹಳ್ಳಿಯ ಹುಡುಗರನ್ನು ಗಾಢವಾಗಿ ಹಿಡಿದಿದ್ದವು. ಕಂಪನಿ ಊರು ಬಿಟ್ಟ ಮೇಲೆ ಅದೇ ನಾಟಕಗಳನ್ನು ತಾವೇ ಆಡಬೇಕೆಂಬ ಆಸೆಯಿಂದ ಅಡಕೆ ಚಪ್ಪರದ ಕೆಳಗೆ ತಾಲೀಮು ನಡೆಸಿದ ಊರುಗಳು ಕರ್ನಾಟಕದಲ್ಲಿ ಲೆಕ್ಕವಿಲ್ಲದಷ್ಟಿದ್ದವು. ಅಂಥ ಬಹುತೇಕ ಮಂಡಳಿಗಳು ಉತ್ಸಾಹಿಗಳ ಮದುವೆ, ಮನೆ ಪಾಲು, ಉದ್ಯೋಗದ ವಲಸೆಗಳ ನಡುವೆ ಐದಾರು ವರ್ಷಗಳಲ್ಲಿ ಕರಗಿಹೋದವು. ಹೆಗ್ಗೋಡಿನದು ಕರಗಲಿಲ್ಲ.

ಕರಗದಿರುವುದಕ್ಕೆ ಒಂದು ಕಾರಣ ಆ ಕಾಲದ ಆ ಪ್ರದೇಶವೇ. 1951ರಲ್ಲಿ ನೆರೆಯ ಕಾಗೋಡಿನಲ್ಲಿ ಗೇಣಿದಾರರು ಭೂಮಾಲೀಕರ ವಿರುದ್ಧ ಎದ್ದುನಿಂತರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಸಾಗರದ ಸೀಮೆ ಸಮಾಜವಾದಿ ಚಿಂತನೆಯ ನೆಲೆಯಾಯಿತು. ಸಂಘ ಹುಟ್ಟಿದಾಗ ಹದಿನೇಳರ ಹುಡುಗನಾಗಿದ್ದ ಸುಬ್ಬಣ್ಣ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ, ಅಲ್ಲಿ ಕುವೆಂಪು ಅವರ ವಿದ್ಯಾರ್ಥಿಯಾಗಿದ್ದು, ನೌಕರಿ ಹಿಡಿಯದೆ ಅಡಕೆ ತೋಟಕ್ಕೆ ಹಿಂತಿರುಗಿದವರು. ಓದಿದವರು ಊರು ಬಿಡುವುದೇ ರೂಢಿಯಾಗುತ್ತಿದ್ದ ಕಾಲದಲ್ಲಿ ಒಬ್ಬ ಓದಿದವನು ಊರಿಗೆ ಮರಳಿದ್ದರ ಪರಿಣಾಮವನ್ನು ಕಡಿಮೆಯೆಂದು ಎಣಿಸಬಾರದು. 1957ರಲ್ಲಿ ಅವರು ಆರಂಭಿಸಿದ ಅಕ್ಷರ ಪ್ರಕಾಶನ ಸಂಘದ ಅಂಗವಾಗಿರಲಿಲ್ಲ. ಆದರೂ ನಾಟಕ, ಚಿಂತನೆ, ಅನುವಾದಗಳ ಪುಸ್ತಕಗಳು ಅಚ್ಚಾಗಿ ಹೊರಡುವ ಊರಿನಲ್ಲಿ ನಾಟಕದ ಸಂಘವೂ ಜಾತ್ರೆಯ ರಂಜನೆಗಷ್ಟೇ ನಿಲ್ಲುವುದು ಕಷ್ಟವಾಯಿತು.

ಸಂಘಕ್ಕೆ ಭದ್ರವಾದ ಸೂರು ಸಿಕ್ಕಿದ್ದು 1972ರಲ್ಲಿ, ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಸಿದ್ಧವಾದಾಗ. ವರ್ಷಕ್ಕೆ ನಾಲ್ಕು ತಿಂಗಳು ಮಳೆ ಹೊಯ್ಯುವ ಸೀಮೆಯಲ್ಲಿ ಕಟ್ಟಡವೆಂದರೆ ಕೆಲಸದ ಋತು ಬದಲಾಗುವುದು: ಬೇಸಿಗೆಯ ಚಪ್ಪರವನ್ನು ನೆಚ್ಚಿಕೊಂಡಿದ್ದ ಹವ್ಯಾಸ ವರ್ಷವಿಡೀ ನಡೆಯುವ ಚಟುವಟಿಕೆಯಾಗಬಹುದಾಯಿತು. ಮರುವರ್ಷವೇ, ಅಂದರೆ 1973ರಲ್ಲಿ, ನೀನಾಸಮ್ ಚಿತ್ರಸಮಾಜ ಆರಂಭವಾಯಿತು. ನಗರಗಳ ಓದುಬಲ್ಲವರ ಕೂಟಗಳಿಗೆ ಸೀಮಿತವೆಂದು ಭಾವಿಸಲಾಗಿದ್ದ ಫಿಲ್ಮ್ ಸೊಸೈಟಿಯನ್ನು ಹಳ್ಳಿಯಲ್ಲಿ ನಡೆಸುವುದು ಆಗ ಬಹುಮಂದಿಗೆ ವಿಚಿತ್ರವಾಗಿ ಕಂಡಿರಬೇಕು. ಸತ್ಯಜಿತ್ ರಾಯ್, ಕುರೊಸಾವಾ ಅವರಂಥವರ ಚಿತ್ರಗಳನ್ನು ತೋಟದ ಕೆಲಸ ಮುಗಿಸಿ ಬಂದವರು ನೋಡಿದರು. 1979ರಿಂದ ನಡೆದ ಚಲನಚಿತ್ರ ರಸಗ್ರಹಣ ಶಿಬಿರಗಳಿಗೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದ್ದೂರ್ ಬಂದು ಪಾಠ ಹೇಳಿದರು. ಆ ಶಿಬಿರವೇ ಮುಂದೆ ಸಾಹಿತ್ಯ, ಸಂಗೀತ, ರಂಗಭೂಮಿ, ರಾಜಕೀಯ ಚಿಂತನೆಗಳನ್ನೆಲ್ಲ ಒಳಗೊಂಡು ವರ್ಷಕ್ಕೊಮ್ಮೆ ನಡೆಯುವ ಸಂಸ್ಕೃತಿ ಶಿಬಿರವಾಗಿ ಬೆಳೆಯಿತು, ಯು.ಆರ್. ಅನಂತಮೂರ್ತಿ ಅವರು ಹಲವು ವರ್ಷ ಅದರ ಚರ್ಚೆಗಳನ್ನು ಮುನ್ನಡೆಸಿದರು. ಹಳ್ಳಿಯ ಜನಕ್ಕೆ ಅರ್ಥವಾಗುವಷ್ಟನ್ನೇ ಕೊಡಬೇಕು ಎಂಬ ನಗರದ ಔದಾರ್ಯವನ್ನು ಈ ಸಂಘ ಎಂದೂ ಒಪ್ಪಿಕೊಳ್ಳಲಿಲ್ಲ ಎಂಬುದೇ ಅದರ ಇತಿಹಾಸದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವ ಸಂಗತಿ.

1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಯಿತು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಬಂದ ಚಿದಂಬರರಾವ್ ಜಂಬೆ ಅದರ ಪ್ರಾಂಶುಪಾಲರಾಗಿ ದೀರ್ಘಕಾಲ ದುಡಿದರು. ಅದರ ಕಥೆ ಸಾಕಷ್ಟು ಬರೆಯಲ್ಪಟ್ಟಿದೆ; ಇಲ್ಲಿ ಹೆಚ್ಚು ಗಮನಿಸಬೇಕಾದದ್ದು ಅದರ ಬೆನ್ನಿಗೇ ನಡೆದ ‘ಜನಸ್ಪಂದನ’ ಯೋಜನೆ. ಫೋರ್ಡ್ ಫೌಂಡೇಷನ್ನಿನ ನೆರವಿನಿಂದ ಎಂಬತ್ತರ ದಶಕದ ಮೊದಲ ಭಾಗದಲ್ಲಿ ನಡೆದ ಈ ಯೋಜನೆ ರಾಜ್ಯದ ಬೇರೆ ಬೇರೆ ಹಳ್ಳಿ ಪಟ್ಟಣಗಳಿಗೆ ರಂಗ ತರಬೇತಿಯನ್ನೂ ಚಿತ್ರ ಪ್ರದರ್ಶನಗಳನ್ನೂ ಒಯ್ದಿತು. ಉತ್ತರ ಕನ್ನಡದ ಮಂಚಿಕೇರಿ ಸೀಮೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದವರು ರಂಗದ ಮೇಲೆ ಬಂದದ್ದು ಇದೇ ದಶಕದ ಪ್ರಯತ್ನಗಳಿಂದ, ಮುಂದೆ ಆ ಸಮುದಾಯದ ಹಲವರು ವೃತ್ತಿ ನಟರಾಗಿಯೂ ಬೆಳೆದರು.

ಹೊರಗಿನ ನೆರವಿನ ಯೋಜನೆಗೆ ಅವಧಿಯೊಂದು ಇದ್ದೇ ಇರುತ್ತದೆ. ಅದು ಮುಗಿದಾಗ ಊರೂರುಗಳಲ್ಲಿ ಹುಟ್ಟಿಸಿದ ಆಸಕ್ತಿಯನ್ನು ಏನು ಮಾಡುವುದು ಎಂಬ ಪ್ರಶ್ನೆಗೆ 1985ರಲ್ಲಿ ಹೊರಟ ‘ತಿರುಗಾಟ’ವೇ ಉತ್ತರವಾಯಿತು. ಮಳೆಗಾಲದಲ್ಲಿ ಹೆಗ್ಗೋಡಿನಲ್ಲಿ ನಾಟಕಗಳ ತಾಲೀಮು ನಡೆದು, ಮಳೆ ಬಿಟ್ಟ ಮೇಲೆ ತಂಡ ತನ್ನ ಪರದೆ, ದೀಪ, ವೇಷಭೂಷಣಗಳ ಸಮೇತ ಹೊರಟು, ತಿಂಗಳುಗಟ್ಟಲೆ ಕರ್ನಾಟಕವನ್ನು ಸುತ್ತುತ್ತದೆ. ಈ ಕ್ರಮದಲ್ಲಿ ಯಕ್ಷಗಾನ ಮೇಳಗಳ ನೆನಪೂ ಇದೆ, ಕಂಪನಿಗಳ ನೆನಪೂ ಇದೆ. ಆದರೆ ಮೇಳಕ್ಕೆ ಹರಕೆಯ ಆಟವಾಡಿಸುವ ಭಕ್ತರಿದ್ದರು, ಕಂಪನಿಗೆ ಟಿಕೇಟಿನ ಪೆಟ್ಟಿಗೆ ಇತ್ತು. ತಿರುಗಾಟಕ್ಕೆ ಇದ್ದದ್ದು ಆಯಾ ಊರಿನ ಸಂಘಟಕರು ಮಾತ್ರ. ಒಂದು ಊರಿನ ಯುವಕ ಮಂಡಲ, ಇನ್ನೊಂದು ಊರಿನ ಶಿಕ್ಷಕರ ಗುಂಪು, ಮತ್ತೊಂದು ಕಡೆಯ ಕನ್ನಡ ಸಂಘ ಪ್ರದರ್ಶನವನ್ನು ಗೊತ್ತುಪಡಿಸುತ್ತದೆ, ಊರಲ್ಲಿ ಹಣ ಕೂಡಿಸುತ್ತದೆ, ಶಾಲೆಯ ಅಂಗಳವನ್ನೋ ಸಭಾಭವನವನ್ನೋ ಅಣಿಗೊಳಿಸುತ್ತದೆ, ತಂಡದವರ ಊಟ ವಸತಿ ನೋಡಿಕೊಳ್ಳುತ್ತದೆ, ಆಟ ಮುಗಿದ ಮೇಲೆ ಸಾಮಾನು ಏರಿಸಲು ಕೈಗೂಡಿಸುತ್ತದೆ. ಇವರಲ್ಲಿ ಯಾರಿಗೂ ಸಂಬಳವಿಲ್ಲ. ಒಂದು ಹಳ್ಳಿಯ ಸ್ವಯಂಸೇವಾ ಸಂಘ ತನ್ನಂಥವೇ ನೂರಾರು ಸಣ್ಣ ಸಂಘಗಳಿಗೆ ವರ್ಷಕ್ಕೊಮ್ಮೆ ಕೆಲಸ ಕೊಟ್ಟು ಅವುಗಳನ್ನು ಜೀವಂತವಾಗಿಟ್ಟಿತು ಎಂದರೆ ತಪ್ಪಾಗಲಾರದು. ಅವುಗಳಿಲ್ಲದೆ ತಿರುಗಾಟವೂ ಒಂದು ವರ್ಷ ದಾಟುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಟೀಕೆಗೆ ಆಸ್ಪದವಿಲ್ಲವೆಂದಲ್ಲ. ಅಡಕೆ ತೋಟ ಉಳ್ಳವರಿಗೆ ಇದ್ದ ಬಿಡುವು ಕೂಲಿ ಮಾಡುವವರಿಗೆ ಇರಲಿಲ್ಲವಾದ್ದರಿಂದ, ಇಂಥ ಸಂಘಗಳ ಮುಂಚೂಣಿಯಲ್ಲಿ ಮೊದಮೊದಲು ಯಾರಿದ್ದರು ಎಂಬ ಪ್ರಶ್ನೆ ನ್ಯಾಯವಾದದ್ದೇ. ಶಿಬಿರದ ಚರ್ಚೆಗಳು ಪಂಡಿತರ ಮಾತುಗಳಾಗಿ ಊರಿನವರನ್ನು ಅಂಚಿಗೆ ತಳ್ಳುತ್ತವೆ ಎಂಬ ಆಕ್ಷೇಪವನ್ನೂ ಹಗುರವಾಗಿ ತಳ್ಳಿಹಾಕಲಾಗದು. ಆದರೆ ರಂಗಶಿಕ್ಷಣ ಕೇಂದ್ರಕ್ಕೆ ಬಂದ ವಿದ್ಯಾರ್ಥಿಗಳ ಊರು, ಜಾತಿ, ಕಸುಬುಗಳ ಹರವು ದಶಕದಿಂದ ದಶಕಕ್ಕೆ ಹಿಗ್ಗಿದೆ; ಅಲ್ಲಿ ಕಲಿತವರು ತಮ್ಮ ಊರುಗಳಿಗೆ ಮರಳಿ ಶಾಲಾ ಮಕ್ಕಳಿಗೆ ನಾಟಕ ಮಾಡಿಸುತ್ತ, ಸಣ್ಣ ತಂಡಗಳನ್ನು ಕಟ್ಟುತ್ತ ಇದ್ದಾರೆ.

2005ರಲ್ಲಿ ಸುಬ್ಬಣ್ಣ ತೀರಿಕೊಂಡಾಗ, ಒಬ್ಬರ ವ್ಯಕ್ತಿತ್ವದ ಮೇಲೆ ನಿಂತದ್ದು ಅವರೊಂದಿಗೇ ಮುಗಿಯುತ್ತದೆ ಎಂದು ಅಂಜಿದವರಿದ್ದರು. ಹಾಗಾಗಲಿಲ್ಲ. ಮಗ ಕೆ.ವಿ. ಅಕ್ಷರ ಅವರೂ ಸಂಘದ ಇತರರೂ ಶಾಲೆ, ಶಿಬಿರ, ತಿರುಗಾಟಗಳನ್ನು ಮುಂದುವರಿಸಿದರು, ಮತ್ತು 2024ಕ್ಕೆ ಸಂಘಕ್ಕೆ ಎಪ್ಪತ್ತೈದು ತುಂಬಿತು. ಇಂಥ ಸಂಘಗಳಿಗೆ ಸರ್ಕಾರ ಕೊಡುವ ಅನುದಾನದ ಅರ್ಜಿಗಳಲ್ಲಿ ಕಲಾವಿದರ ಗೌರವಧನಕ್ಕೂ ಸಾಗಾಣಿಕೆಗೂ ಲೆಕ್ಕ ತೋರಿಸಬಹುದು. ಆಟದ ದಿನ ಅಂಗಡಿ ಮುಚ್ಚಿ, ಮನೆ ಮನೆ ತಿರುಗಿ ಟಿಕೇಟು ಮಾರಿ, ರಾತ್ರಿ ತಂಡಕ್ಕೆ ಊಟ ಬಡಿಸಿ, ಲಾರಿ ಹೊರಟ ಮೇಲೆ ಅಂಗಳ ಗುಡಿಸುವ ಸ್ಥಳೀಯರ ದುಡಿಮೆಗೆ ಅಲ್ಲಿ ಕಾಲಮ್ಮಿಲ್ಲ. ನಾವು ಏರ್ಪಡಿಸುವ ಸನ್ಮಾನಗಳ ಪಟ್ಟಿಯಲ್ಲಿಯೂ ಅವರ ಹೆಸರು ಅಪರೂಪ.